ಸೊಂಟನೋವು ಅಂತ ಬಂದವರು

ಚೈತ್ರಾ, ನಾನು ಬಿಟ್ಟು ಎದ್ದ ಕುರ್ಚಿಯಲ್ಲಿ ಈಗ ನೀನು ಕೂತಿದ್ದೀಯ. ಬೀಳ್ಕೊಡುಗೆಯ ದಿನ ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, "ಮೇಡಂ, ನಿಮ್ಮ ಅನುಭವನೆಲ್ಲ ಬರೆದುಕೊಡಿ, ನಮಗೆ ದಾರಿದೀಪ ಆಗುತ್ತೆ" ಅಂದಿದ್ದೆ. ಎರಡು ವರ್ಷ ಇವತ್ತು ನಾಳೆ ಅಂತ ತಳ್ಳಿದೆ. ದಾರಿದೀಪದ ಮಾತು ಬಿಡು, ನಾನೇ ಎಷ್ಟೋ ದಾರಿಯನ್ನು ತಡಕಾಡಿಕೊಂಡು ನಡೆದವಳು. ಮೂವತ್ತೆರಡು ವರ್ಷ ಫಿಸಿಯೋಥೆರಪಿ ಮಾಡಿದೆ. ಯಾವಾಗ ಯಾವ ಹುದ್ದೆಗೆ ಏರಿದೆ, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಅನ್ನುವುದೆಲ್ಲ ಪೆನ್ಷನ್ ಫೈಲಿನಲ್ಲಿದೆ, ಅದನ್ನು ಗೆದ್ದಲು ಓದಲಿ. ಇಲ್ಲಿ ಬರೆಯುವುದು ಫೈಲಿನಲ್ಲಿ ಇಲ್ಲದ್ದು. ಓದಿ ಖುಷಿಪಡುವಂಥದ್ದೂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ದುರ್ಗದ ಸುತ್ತಮುತ್ತ ಫಿಸಿಯೋಥೆರಪಿ ಅನ್ನುವ ಪದ ಯಾರ ನಾಲಿಗೆಗೂ ಹತ್ತುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನೋವಿಗೆ ಕರೆಂಟಿನ ಮಿಷನ್ನು ಹಚ್ಚುತ್ತಿದ್ದ ನಮ್ಮ ಕೋಣೆಗೆ "ಕರೆಂಟ್ ಕೊಡೋ ರೂಮು" ಅಂತ ಹೆಸರು, ನನಗೆ "ಕರೆಂಟ್ ಮೇಡಂ" ಅಂತ. ಹೆಗಲು ಹಿಡಿದವರು, ಮಂಡಿ ಸವೆದವರು, ಪಾರ್ಶ್ವವಾಯು ಬಡಿದವರು, ಎಲ್ಲರಿಗೂ ಅದೊಂದೇ ಕೋಣೆ. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಹಸಿರು ಪರದೆ. ಅದರ ಬಳೆಗಳಲ್ಲಿ ಅರ್ಧ ಕಿತ್ತು ಹೋಗಿದ್ದವು, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು.

ಆ ಪರದೆಯ ಆಚೆಗೆ ಬರುವ ಹೆಂಗಸರೆಲ್ಲ ಮೊದಲು ಹೇಳುತ್ತಿದ್ದುದು ಒಂದೇ ಮಾತು, "ಸೊಂಟನೋವು ಮೇಡಂ." ಅರ್ಧ ಜನಕ್ಕೆ ಅದು ನಿಜ. ಉಳಿದರ್ಧ ಜನ ಸೊಂಟದ ಹೆಸರು ಹೇಳಿಕೊಂಡು ಬೇರೇನನ್ನೋ ಹೊತ್ತು ತಂದಿರುತ್ತಿದ್ದರು. ಯಾರು ಯಾವ ಅರ್ಧಕ್ಕೆ ಸೇರಿದವರು ಅಂತ ತಿಳಿಯಲು ನಾನೊಂದು ಉಪಾಯ ಕಂಡುಕೊಂಡಿದ್ದೆ. ಬಂದ ಕೂಡಲೇ ಒಂದು ಲೋಟ ನೀರು ಕೊಡುವುದು. ಬಿಸಿಲಲ್ಲಿ, ಬಸ್ಸಿನಲ್ಲಿ ಬಂದವರು ಗಟಗಟ ಕುಡಿಯಬೇಕು ತಾನೆ? ಸೊಂಟನೋವಿನವರು ಕುಡಿಯುತ್ತಿದ್ದರು. ಬೇರೆಯವರು ಲೋಟ ಹಿಡಿದುಕೊಂಡು, ತುಟಿಗೆ ತಾಗಿಸಿದ ಹಾಗೆ ಮಾಡಿ, ಕಿಟಕಿಯ ಕಟ್ಟೆ ಮೇಲೆ ಇಡುತ್ತಿದ್ದರು. ವಾಪಸ್ಸು ಹೋಗುವ ಬಸ್ಸಿನ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತಿತ್ತು. ಕುಡಿದ ನೀರು ತಡೆಯುವುದಿಲ್ಲ ಅಂತ ಗೊತ್ತಿದ್ದವರು ಅವರು. ಮದುವೆ ಮನೆಗೆ ಹೋಗಬೇಕಾದರೆ ಹಿಂದಿನ ದಿನದಿಂದಲೇ ನೀರು ಬಿಡುವ ಹೆಂಗಸರನ್ನು ನೋಡಿದ್ದೇನೆ. ಕುಡಿಯದೆ ಕುಡಿಯದೆ ಉರಿಮೂತ್ರ ಹತ್ತಿಸಿಕೊಂಡು ಜ್ವರದಲ್ಲಿ ಬಂದವರೂ ಇದ್ದರು.

ಓದಿಕೊಂಡು ಬಂದ ನಿನಗೆ ಪೆಲ್ವಿಕ್ ಫ್ಲೋರ್ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಆದರೆ ಹಳ್ಳಿಯ ಹೆಂಗಸಿಗೆ ಹೇಳುವಾಗ ಹೇಗೆ ಹೇಳುತ್ತೀ ಅನ್ನುವುದು ಮುಖ್ಯ. ನಾನು ಜೋಲಿ ಅನ್ನುತ್ತಿದ್ದೆ. ಕೂಸನ್ನು ಮಲಗಿಸಲು ಸೀರೆಯಲ್ಲಿ ಕಟ್ಟುತ್ತೇವಲ್ಲ, ಅಂಥ ಒಂದು ಮಾಂಸದ ಜೋಲಿ ಕಿಬ್ಬೊಟ್ಟೆಯ ತಳದಲ್ಲಿದೆ, ಮೂತ್ರಚೀಲ, ಗರ್ಭಕೋಶ, ಕರುಳಿನ ತುದಿ ಎಲ್ಲ ಅದರ ಮೇಲೇ ಕೂತಿರುತ್ತವೆ ಅಂತ. ಹೆರಿಗೆಯಾದಾಗ ಅದು ಜಗ್ಗುತ್ತದೆ. ವರ್ಷಗಟ್ಟಲೆ ಕೆಮ್ಮಿದರೆ, ಮಲಬದ್ಧತೆಯಿಂದ ದಿನಾ ತಿಣುಕಿದರೆ, ಭಾರ ಎತ್ತಿದರೆ ಇನ್ನೂ ಜಗ್ಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಲ್ಲಿನ ನರ ಮಂಕಾಗುತ್ತದೆ. ಗಂಡಸರಿಗೆ ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಇದೇ ಗೋಳು. ಆ ಜೋಲಿಯನ್ನು ಮತ್ತೆ ಬಿಗಿ ಮಾಡಲು ಕಲಿಸುವುದೇ ನಮ್ಮ ಕೆಲಸ. ಎಲ್ಲರಿಗೂ ಪೂರ್ತಿ ಗುಣವಾಗುವುದಿಲ್ಲ. ಆದರೆ ಬಸ್ಸು ಹತ್ತಬಹುದು, ನೀರು ಕುಡಿಯಬಹುದು, ನಾಲ್ಕು ಜನರ ನಡುವೆ ಕೂರಬಹುದು.

ಇಷ್ಟೆಲ್ಲ ಬಾಯಲ್ಲಿ ಹೇಳಲು ಬರುತ್ತಿತ್ತು ನನಗೆ. ಕೈಯಲ್ಲಿ ಮಾಡಲು ಬರುತ್ತಿರಲಿಲ್ಲ. ಹೆರಿಗೆ ವಿಭಾಗದ ದೊಡ್ಡ ಮೇಡಂ ಕೆಟ್ಟವರಲ್ಲ, ಆದರೆ ಅವರ ಬಳಿ ಎರಡೇ ಮಾತಿತ್ತು. ಗರ್ಭಕೋಶ ಪೂರಾ ಜಾರಿದ್ದರೆ "ತೆಗೆಸಿಬಿಡಮ್ಮ." ಅಷ್ಟು ಜಾರಿಲ್ಲದಿದ್ದರೆ ಚೀಟಿಯ ಹಿಂದೆ "ಎಕ್ಸರ್ಸೈಜ್" ಅಂತ ಗೀಚಿ ನನ್ನ ಕೋಣೆಗೆ. ನಾನು ಗೋಡೆಯ ಮೇಲಿನ ಚಿತ್ರಪಟ ತೋರಿಸಿ, ದನಿ ತಗ್ಗಿಸಿ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ನಾಲ್ಕು ಮಾತು ಹೇಳಿ ಕಳಿಸುತ್ತಿದ್ದೆ. ಸೀರೆಯ ಮೇಲಿನ ಪಾಠ ಅದು. ಒಳಗೆ ಸ್ನಾಯು ಏನು ಮಾಡುತ್ತಿದೆ ಅಂತ ಗ್ಲೌಸು ಹಾಕಿಕೊಂಡು ಮುಟ್ಟಿ ನೋಡುವುದು ಹೆರಿಗೆ ವಾರ್ಡಿನವರ ಕೆಲಸ, ನಮ್ಮದಲ್ಲ ಅಂತ ವಾದಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆ. ಆ ಹೆಂಗಸರಿಗಿಂತ ಹೆಚ್ಚು ನಾಚಿಕೆ ನನಗಿತ್ತು.

ಈ ತೊಂದರೆ ಅಂತ ಬಂದ ಗಂಡಸರನ್ನಂತೂ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಹಿರಿಯೂರು ದಾರಿಯ ಬಸ್ಸಿನ ಕಂಡಕ್ಟರ್ ಒಬ್ಬರು ಪ್ರಾಸ್ಟೇಟ್ ಆಪರೇಷನ್ ಆಗಿ ಮೂರು ತಿಂಗಳಿಗೆ ಬಂದಿದ್ದರು. ಖಾಕಿ ಪ್ಯಾಂಟಿನ ಮುಂದೆ ಟಿಕೆಟ್ಟಿನ ಚೀಲ ಅಡ್ಡ ಹಿಡಿದುಕೊಂಡೇ ನಿಂತಿದ್ದರು. "ಮೇಡಂ, ಬಸ್ಸು ಹಂಪ್ ಹಾರಿದಾಗೆಲ್ಲ ನಂದು ಹೋಗ್ಬಿಡ್ತೈತೆ. ಏನಾರ ಹೇಳ್ಕೊಡ್ರಿ" ಅಂದರು. "ಗಂಡಸರಿಗೆ ನಾನು ಹೇಳ್ಕೊಡಲ್ಲ, ಡಾಕ್ಟರನ್ನೇ ಕೇಳಿ" ಅಂದೆ. ಅವರು ತಲೆ ಅಲ್ಲಾಡಿಸಿ ಹೋದರು. ಎದುರಿಗೆ ಕೂರಿಸಿಕೊಂಡು ಕಾಲು ಗಂಟೆ ಮಾತಾಡಿದ್ದರೆ ಅರ್ಧ ಕೆಲಸ ಆಗುತ್ತಿತ್ತು ಅಂತ ಈಗ ಗೊತ್ತು. ಆಮೇಲೆ ಅವರನ್ನು ಬಸ್ಸಿನಲ್ಲಿ ನಾನು ನೋಡಲಿಲ್ಲ. ಕೆಲಸ ಬಿಟ್ಟರೋ, ದಾರಿ ಬದಲಾಯಿತೋ, ಕೇಳುವ ಧೈರ್ಯವೂ ಆಗಲಿಲ್ಲ.

ಈಗ ಹಾಲಮ್ಮನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲಾರದೆಯೇ ಎರಡು ವರ್ಷ ಮುಂದೂಡಿದ್ದು.

ಹಾಲಮ್ಮ ಹಿರೇಗುಂಟನೂರಿನವರು. ಆಗ ನಲವತ್ತೈದರ ಆಸುಪಾಸು. ಮನೆಯ ಹೊಲದಲ್ಲಿ ಶೇಂಗಾ, ಅದರ ಜೊತೆಗೆ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ. "ಸೊಂಟನೋವು ಮೇಡಂ" ಅಂತಲೇ ಬಂದರು. ನೀರು ಕೊಟ್ಟೆ. "ಬ್ಯಾಡ್ರಿ, ಈಗಷ್ಟೇ ಕುಡ್ಕಂಡು ಬಂದೆ" ಅಂದರು. ತುಟಿ ಒಡೆದು ಬಿಳಿ ಕಟ್ಟಿತ್ತು. ಪರದೆ ಎಳೆದು ಪಕ್ಕದಲ್ಲಿ ಕೂತೆ.

"ಎಷ್ಟು ವರ್ಷದಿಂದ ಐತಮ್ಮ?"

ಅವರು ಸೆರಗಿನ ಅಂಚು ತಿರುವಿದರು. "ಸಣ್ಣ ಮಗ ಹುಟ್ಟಿದಾಗಿಂದ. ಕೆಮ್ಮಿದ್ರೆ ಹನಿ ಹನಿ. ಅನ್ನದ ತಪ್ಪಲೆ ಎತ್ತಿದ್ರೆ ಇನ್ನೂ ಜಾಸ್ತಿ. ಕುಂತು ಏಳಾಗ ಪೂರಾ ಒದ್ದೆ."

"ಇಷ್ಟು ವರ್ಷ ಬರದೇ ಇದ್ದೋರು ಈಗ್ಯಾಕೆ ಬಂದ್ರಿ?"

"ಮಗಳ ಮದ್ವೆ ಗೊತ್ತಾಗೈತೆ ಮೇಡಂ, ಮುಂದಿನ ಬ್ಯಾಸಿಗಿಗೆ. ಹೊಳಲ್ಕೆರೆ ಕಡೆ ಹುಡುಗ. ಧಾರೆ ಎರೆಯಕ್ಕೆ ನಾನು, ಅವರಪ್ಪ ಕುಂದ್ರಬೇಕು. ಒಂದು ತಾಸು ಹಸೆ ಮ್ಯಾಲೆ. ಅವತ್ತೊಂದಿನ ಒದ್ದೆ ಆಗದಂಗೆ ಮಾಡಿಕೊಡ್ರಿ. ಆಮ್ಯಾಕೆ ಹೆಂಗಾರ ಇರ್ಲಿ."

"ದಪ್ಪ ಬಟ್ಟೆ ಕಟ್ಕಂಡು ಕೂತ್ಕಂಡ್ರೆ?"

"ಬಟ್ಟೆ ನೆನೀತೈತೆ, ವಾಸ್ನೆ ಬರ್ತೈತೆ. ಅಯ್ಯನೋರು ಮಾರು ದೂರದಾಗೆ ಕುಂತು ಮಂತ್ರ ಹೇಳ್ತಿರ್ತಾರೆ. ನಾನು ಎದ್ದಾಗ ಹಸೆ ಒದ್ದೆ ಆಗಿದ್ರೆ ಬೀಗರು ಏನಂತಾರೆ? ನನ್ ಮಗಳು ಆ ಮನೆಗೆ ಹೋಗಿ ಬಾಳ್ಬೇಕು."

ಸಮಾಧಾನಕ್ಕೆ ಅಂತ, "ನಿಮ್ಮಲ್ಲಿ ಸೂತಕ ಇಲ್ಲ ಅಂತಾರಲ್ಲಮ್ಮ" ಅಂದೆ.

"ಮುಟ್ಟಿಗೆ ಇಲ್ಲ, ಸಾವಿಗೆ ಇಲ್ಲ ಅಂತ ಶರಣರು ಹೇಳ್ಯಾರೆ. ಸೋರೋದಕ್ಕೆ ಯಾರೂ ಏನೂ ಹೇಳಿಲ್ಲ ಮೇಡಂ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನಕ್ಕಿದ್ದಕ್ಕೆ ನಾಚಿಕೆಯಾಗಿ, ಆ ನಾಚಿಕೆ ಮುಚ್ಚಿಕೊಳ್ಳಲು ಬೇಡದ ಭರವಸೆ ಕೊಟ್ಟೆ. "ಒಂದು ವರ್ಷ ಟೈಮ್ ಐತೆ, ಸಾಕು. ನಾನು ಹೇಳ್ದಂಗೆ ಮಾಡ್ರಿ, ಜಮ್ ಅಂತ ಕುಂತು ಧಾರೆ ಎರೀತೀರಿ."

ಹೇಳಿಕೊಟ್ಟೆ. ಉಚ್ಚೆ ತಡೆಯುವ ಹಾಗೆ ಬಿಗಿ ಮಾಡಿ, ಹತ್ತು ಎಣಿಸಿ, ಬಿಡಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಹಾಲಮ್ಮ ಅಲ್ಲೇ ಮಾಡಿ ತೋರಿಸಿದರು. ಉಸಿರು ಹಿಡಿದರು, ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. "ಹಿಂಗಾ ಮೇಡಂ?" ಅಂದರು. ನೋಡು ಎಷ್ಟು ಶ್ರದ್ಧೆ ಅಂದುಕೊಂಡೆ ನಾನು. "ಹಾಂ, ಹಂಗೇ" ಅಂದೆ.

ಕೆಂಪಾದ ಮುಖ ಏನು ಹೇಳುತ್ತದೆ ಅಂತ ನಿನಗೆ ಮೊದಲನೇ ವರ್ಷದಲ್ಲೇ ಕಲಿಸಿರುತ್ತಾರೆ. ನನಗೆ ಅದು ಗೊತ್ತಾದದ್ದು ಹತ್ತು ತಿಂಗಳ ಮೇಲೆ, ಬೆಂಗಳೂರಿನಲ್ಲಿ ನಡೆದ ಐದು ದಿನದ ತರಬೇತಿಯಲ್ಲಿ. ಕಲಿಸಲು ಬಂದವಳು ನನ್ನ ಅರ್ಧ ವಯಸ್ಸಿನ ಹುಡುಗಿ. ಮೊದಲ ದಿನವೇ ಕೇಳಿದಳು, "ಮುಟ್ಟಿ ಪರೀಕ್ಷೆ ಮಾಡದೆ ಈ ವ್ಯಾಯಾಮ ಹೇಳಿಕೊಟ್ಟವರು ಇಲ್ಲಿ ಯಾರ್ಯಾರು ಇದ್ದೀರಿ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ತಲೆ ಬಗ್ಗಿಸಿದೆ. ಬಿಗಿ ಮಾಡಿ ಅಂದರೆ ಎಷ್ಟೋ ಜನ ಮೇಲಕ್ಕೆ ಎಳೆದುಕೊಳ್ಳುವ ಬದಲು ಹೆರಿಗೆಯಲ್ಲಿ ತಿಣುಕಿದ ಹಾಗೆ ಕೆಳಕ್ಕೆ ಮುಕ್ಕುತ್ತಾರೆ, ಸೀರೆಯ ಮೇಲಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತದೆ, ಉಸಿರು ಹಿಡಿದು ಮುಖ ಕೆಂಪಾದರೆ ಅನುಮಾನಪಡಿ, ಕೆಳಕ್ಕೆ ಮುಕ್ಕಿದಷ್ಟೂ ಜೋಲಿ ಇನ್ನಷ್ಟು ಜಗ್ಗುತ್ತದೆ ಅಂತ ಅವಳು ಹೇಳುತ್ತಾ ಹೋದಳು. ನನ್ನ ಕಣ್ಣಿಗೆ ಹಾಲಮ್ಮನ ಉಬ್ಬಿದ ನರ ಕಾಣುತ್ತಿತ್ತು.

ಮೂರನೆಯ ದಿನ ನಾವು ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿ ಕಲಿಯಬೇಕಿತ್ತು. ಎಲ್ಲರೂ ಮಂಚ ಹತ್ತಿದರು. ನನ್ನ ಪಾಳಿ ಬಂದಾಗ ತಲೆನೋವು ಅಂತ ಸುಳ್ಳು ಹೇಳಿದೆ. ಬೇರೆಯವರನ್ನು ನೋಡಿ ಕಲಿತೆ, ನನ್ನನ್ನು ಯಾರಿಗೂ ತೋರಿಸಲಿಲ್ಲ.

ಊರಿಗೆ ವಾಪಸ್ಸಾದಾಗ ಹಾಲಮ್ಮನ ಮಗಳ ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ಪೂರಾ ಅಲ್ಲದಿದ್ದರೂ ಏನಾದರೂ ಸರಿಮಾಡಬಹುದಿತ್ತು. ಕಡೇಪಕ್ಷ ಆ ಮುಕ್ಕುವುದನ್ನಾದರೂ ನಿಲ್ಲಿಸಬಹುದಿತ್ತು. ಅವರ ಫೋನ್ ನಂಬರು ನನ್ನಲ್ಲಿರಲಿಲ್ಲ, ಚೀಟಿಯಲ್ಲಿ ಹೆಸರು ಮತ್ತು ಊರು ಅಷ್ಟೇ. ದುರ್ಗದಿಂದ ಹಿರೇಗುಂಟನೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಈ ಭಾನುವಾರ ಹೋಗೋಣ, ಮುಂದಿನ ಭಾನುವಾರ ಹೋಗೋಣ ಅಂದುಕೊಂಡೆ. ಬಿಡುವಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಬೇಕಿದ್ದರೆ ಅವರೇ ಬರುತ್ತಾರೆ ಬಿಡು ಅಂತಲೂ ಅಂದುಕೊಂಡೆ. ಎರಡು ತಿಂಗಳು ಹಾಗೇ ಕಳೆಯಿತು.

ಮಳೆಗಾಲ ಹಿಡಿದ ಮೇಲೆ ಹಾಲಮ್ಮ ಬಂದರು. ಈ ಸಲ ಸೊಂಟನೋವು ಅನ್ನಲಿಲ್ಲ.

"ದಿನಾ ಮಾಡ್ದೆ ಮೇಡಂ. ಒಂದಿನ ತಪ್ಪಿಸಿಲ್ಲ. ಈಗ ಏನೋ ಕೆಳಗೆ ಇಳ್ದಂಗೆ ಆಗೈತೆ. ನಿಂತ್ರೂ ಸೋರ್ತೈತೆ."

ಮದುವೆ ಅಂತ ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು. ತಲೆಸುತ್ತು ಅಂತ ನೆಪ ಹೇಳಿದರಂತೆ. ಗಂಡ ಹೆಂಡತಿ ಜೋಡಿಯಾಗಿಯೇ ಕೂರಬೇಕಲ್ಲ, ಹಾಗಾಗಿ ಅಪ್ಪನೂ ಕೂರುವಂತಿರಲಿಲ್ಲ. ಮೈದುನ ಮತ್ತು ವಾರಗಿತ್ತಿ ಹಸೆಯ ಮೇಲೆ ಕೂತು ಧಾರೆ ಎರೆದರು. "ನಾನು ಅಡಿಗಿ ಮನಿ ಬಾಗ್ಲಾಗೆ ನಿಂತ್ಕಂಡು ನೋಡ್ದೆ. ಈ ಹುಡುಗ ಬ್ಯಾಡ ಅಂತ ಮೊದ್ಲು ಒಂದು ಮಾತು ಅಂದಿದ್ದೆ ನಾನು. ಆ ಸಿಟ್ಟಿಗೆ ಅವ್ವ ಕುಂದ್ರಲಿಲ್ಲ ಅಂತ ತಿಳ್ಕಂಡವ್ಳೆ. ಕಳಿಸಿಕೊಡಾಗ ಎಲ್ಲರ ಕಾಲಿಗೆ ಬಿದ್ಲು. ನನ್ ಕಾಲಿಗೂ ಬಿದ್ಲು, ಮುಖ ನೋಡ್ಲಿಲ್ಲ."

"ನಿಜ ಹೇಳಬೇಕಿತ್ತಮ್ಮ ಅವಳಿಗೆ."

"ಹೆಂಗೆ ಹೇಳಾದು? ಹಸೆ ಮ್ಯಾಲೆ ಕುಂತ ಮಗಳಿಗೆ, ನಿಮ್ಮವ್ವ ಉಚ್ಚೆ ಹುಯ್ಕಂತಾಳೆ ಅಂತ ಹೇಳಾದಾ?"

ಅವತ್ತು ಮೊದಲ ಸಲ ಬಾಗಿಲು ಹಾಕಿಸಿದೆ. ಗಂಡಸರನ್ನೆಲ್ಲ ಹೊರಗೆ ಕಳಿಸಿದೆ. "ಒಳಗೆ ಬೆರಳಿಟ್ಟು ನೋಡ್ಬೇಕಮ್ಮ, ನೋಡ್ಲಾ?" ಅಂತ ಕೇಳಿದೆ. ಹಾಲಮ್ಮ ಹೂಂ ಅಂದು ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಗ್ಲೌಸು ಹಾಕಿ ಬೆರಳಿಟ್ಟು, "ಈಗ ಮಾಡ್ರಿ, ನಾನು ಹೇಳಿಕೊಟ್ಟಿದ್ದು" ಅಂದೆ. ಅವರು ಉಸಿರು ಹಿಡಿದರು. ಒಳಗಿನದೆಲ್ಲ ಒಟ್ಟಾಗಿ ನನ್ನ ಬೆರಳನ್ನು ಹೊರಕ್ಕೆ ದೂಡಿತು. ಒಂದು ವರ್ಷ, ಬೆಳಿಗ್ಗೆ ಹತ್ತು, ಸಂಜೆ ಹತ್ತು ಸಲ ಆಕೆ ಹೀಗೇ ದೂಡಿದ್ದರು. ಬೇರೆ ಹೇಗೆ ಮಾಡಿಯಾರು? ಆ ಜಾಗದ ಬಗ್ಗೆ ಅವರಿಗೆ ಜನ್ಮದಲ್ಲಿ ಒಬ್ಬರು ಏನಾದರೂ ಹೇಳಿಕೊಟ್ಟಿದ್ದರೆ ಅದು ಸೂಲಗಿತ್ತಿ. ಅವಳು ಹೇಳಿಕೊಟ್ಟದ್ದು ಮುಕ್ಕುವುದೊಂದನ್ನೇ. ಎರಡನೆಯವಳು ನಾನು, ಮುಟ್ಟಿ ನೋಡದೆ "ಹಂಗೇ" ಅಂದವಳು.

ನನ್ನ ತಪ್ಪು ಅಂತ ಅವತ್ತು ಹೇಳಬೇಕಿತ್ತು. "ಇನ್ನು ಮುಂದೆ ಸ್ವಲ್ಪ ಬೇರೆ ತರ ಮಾಡಾಣ ಅಮ್ಮ" ಅಂದೆ, ಅಷ್ಟೇ.

ಆಮೇಲಿನ ನಾಲ್ಕು ತಿಂಗಳು ಅವರು ವಾರವಾರ ಬಂದರು. ಮಲಗಿಸಿ, ಉಸಿರು ಬಿಡುತ್ತಾ, ನಾಲ್ಕು ಜನರ ನಡುವೆ ಗಾಳಿ ಬಿಡದೆ ತಡೆದುಕೊಳ್ಳುವ ಹಾಗೆ ಮೇಲಕ್ಕೆ ಎಳೆದುಕೊಳ್ಳುವುದನ್ನು ಕಲಿಸಿದೆ. ಮೊದಲ ದಿನ ಎರಡು ಎಣಿಸುವುದರಲ್ಲಿ ಬಿಟ್ಟುಹೋಗುತ್ತಿತ್ತು. ಆದರೆ ಎಳೆತ ಸರಿಯಾದ ದಿಕ್ಕಿಗೆ ಬಂದಾಗ ಬೆರಳಿಗೆ ತಕ್ಷಣ ಗೊತ್ತಾಯಿತು, "ಇದೇ, ಇದೇ" ಅಂದೆ. ಕೆಮ್ಮು ಬರುವ ಮೊದಲೇ ಬಿಗಿ ಮಾಡುವುದು, ತಪ್ಪಲೆ ಎತ್ತುವಾಗ ಉಸಿರು ಹಿಡಿಯದೆ ಇರುವುದು, ತಪ್ಪಲೆಯನ್ನು ಇಬ್ಬರು ಹಿಡಿಯುವುದು, ಬರದಿದ್ದರೂ ಇರಲಿ ಅಂತ ಪದೇಪದೇ ಬಚ್ಚಲಿಗೆ ಹೋಗುವ ಚಾಳಿ ಬಿಡುವುದು, ನೀರು ಕುಡಿಯುವುದು. ಬಿಸಿಯೂಟದ ಒಲೆಯ ಹೊಗೆಗೆ ಹಿಡಿದಿದ್ದ ಕೆಮ್ಮಿಗೆ ಬೇರೆ ಔಷಧಿ ಕೊಡಿಸಿದೆ. ಜಾರಿದ ಗರ್ಭಕೋಶವನ್ನು ತಡೆದು ಹಿಡಿಯಲು ದೊಡ್ಡ ಮೇಡಂ ಒಳಗೆ ಒಂದು ರಬ್ಬರ್ ರಿಂಗು ಹಾಕಿದರು. "ತೆಗೆಸಿಬಿಡಮ್ಮ" ಅನ್ನಲಿಲ್ಲ, ನಾನು ಅಲ್ಲೇ ನಿಂತಿದ್ದೆ.

ಐದನೇ ತಿಂಗಳು ಒಂದು ದಿನ ಹಾಲಮ್ಮ ಬಂದು ಕೂತರು. ನಾನು ಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಮೊನ್ನೆ ಸಂಘದ ಮೀಟಿಂಗಿನಾಗೆ ಒಂದೂವರೆ ತಾಸು ನೆಲದ ಮ್ಯಾಲೆ ಕುಂತಿದ್ದೆ ಮೇಡಂ. ಒಣಗೇ ಎದ್ದೆ."

"ನೋಡ್ರಿ ಮತ್ತೆ!" ಅಂತ ನಾನು ಕೈ ತಟ್ಟಿದೆ.

"ಹೂಂ. ಕುಂದ್ರಾಕೆ ಬರ್ತೈತೆ ಈಗ" ಅಂದರು ಹಾಲಮ್ಮ. "ಮದ್ವೆ ಮುಗ್ದೋತು."

ತಟ್ಟಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ ನನಗೆ.

ಆಮೇಲೆ ನಾನು ಬೇರೆ ಫಿಸಿಯೋಥೆರಪಿಸ್ಟ್ ಆದೆ. ಮುಟ್ಟಿ ನೋಡದೆ ಯಾರನ್ನೂ ಕಳಿಸಲಿಲ್ಲ, ಬೇಡ ಅಂದವರನ್ನು ಮುಟ್ಟಲೂ ಇಲ್ಲ. ಅವರಿಗೆ ಅವರ ಬೆರಳಿನಲ್ಲೇ ನೋಡಿಕೊಳ್ಳುವುದನ್ನು ಹೇಳಿಕೊಟ್ಟೆ. ಗಂಡಸರಿಗೂ ಕುರ್ಚಿ ಹಾಕಿದೆ. ಪರದೆಗೆ ಬಳೆ ಹಾಕಿಸಿದೆ, ಕೊನೆಗೆ ಜಗಳವಾಡಿ ಒಬ್ಬೊಬ್ಬರನ್ನೇ ಬಾಗಿಲು ಹಾಕಿ ನೋಡುವ ನಿನ್ನ ಈಗಿನ ಆ ಕೋಣೆಯನ್ನೂ ಪಡೆದೆ. ನಾನು ಒಳ್ಳೆಯ ಕೆಲಸಗಾತಿ ಅಂತ ನೀವೆಲ್ಲ ಹೇಳುವುದು ಈ ವರ್ಷಗಳನ್ನು ನೋಡಿ. ಹಾಲಮ್ಮನಿಗೆ ಮಾತ್ರ ನಿಜ ಹೇಳಿರಲಿಲ್ಲ. ಅವರು ಆರು ತಿಂಗಳಿಗೊಮ್ಮೆ ರಿಂಗು ತೊಳೆಸಲು ಬರುತ್ತಿದ್ದರು, ಬಂದಾಗೆಲ್ಲ ನನ್ನ ಕೋಣೆಗೆ ಇಣುಕುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ಹೇಳಲೇಬೇಕು ಅಂತ ಹೊರಟೆ. ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹಿರೇಗುಂಟನೂರಿನ ಬಸ್ಸು ಹತ್ತಿದೆ. ಹಾಲಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಅಯ್ಯೋ ಕರೆಂಟ್ ಮೇಡಂ! ಬರ್ರಿ, ಕುಂತ್ಕಳ್ರಿ" ಅಂತ ಚಾಪೆ ಹಾಸಿ, ಬಿಸಿಲಲ್ಲಿ ಬಂದವರಿಗೆ ಕೊಡುವಂತೆ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೊಂಬು ನೀರು ತಂದಿಟ್ಟರು. ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹೇಳತೊಡಗಿದೆ. ಮುಟ್ಟಿ ನೋಡದೆ ಹೇಳಿಕೊಟ್ಟದ್ದು, ಅದರಿಂದಲೇ ಕಾಯಿಲೆ ಹೆಚ್ಚಾದದ್ದು, ಮದುವೆಗೆ ಎರಡು ತಿಂಗಳಿರುವಾಗಲೇ ನನಗದು ಗೊತ್ತಾದದ್ದು, ಗೊತ್ತಾಗಿಯೂ ನಾನು ಬರದೇ ಹೋದದ್ದು. ಒಂದನ್ನೂ ಮುಚ್ಚಿಡಲಿಲ್ಲ. ಹೇಳುತ್ತಾ ಅತ್ತುಬಿಟ್ಟೆ.

ಹಾಲಮ್ಮ ಬಾಗಿಲ ಕಡೆ ನೋಡುತ್ತಾ ಕೂತಿದ್ದರು.

"ತಪ್ಪು ನಿಮ್ದು ಅಂತ ಗೊತ್ತಿತ್ತು ಮೇಡಂ. ಅವತ್ತು ಬೇರೆ ತರ ಮಾಡಾಣ ಅಂದ್ರಲ್ಲ, ಆಗ್ಲೇ ತಿಳೀತು. ಆದ್ರೆ ಎರಡು ತಿಂಗ್ಳು ಮೊದ್ಲೇ ನಿಮಗೆ ಗೊತ್ತಿತ್ತು ಅನ್ನಾದು ನಂಗೆ ಗೊತ್ತಿರ್ಲಿಲ್ಲ." ನನ್ನ ಕಡೆ ತಿರುಗಿ, "ಮುಕ್ಕಾಲು ಗಂಟೆ ದಾರಿ. ಯಾಕೆ ಬರ್ಲಿಲ್ಲ ನೀವು?" ಅಂದರು.

ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಹಾಲಮ್ಮನ ಕಣ್ಣು ಚೊಂಬಿನ ಮೇಲೆ ಹೋಯಿತು. ಅದು ತಂದಿಟ್ಟ ಹಾಗೆಯೇ ತುಂಬಿತ್ತು. ಅವರು ಚೊಂಬನ್ನು ನೋಡಿದರು, ನನ್ನ ಒಣಗಿದ ತುಟಿಯನ್ನು ನೋಡಿದರು.

"ಎಷ್ಟು ವರ್ಷ ಆತು ಮೇಡಂ?"

"ಹದಿನಾಲ್ಕು" ಅಂದೆ.

ಹದಿನಾಲ್ಕು ವರ್ಷ, ಚೈತ್ರಾ. ತರಬೇತಿಯ ಮಂಚ ಹತ್ತದೇ ಇದ್ದದ್ದು ಅದಕ್ಕೆ. ಎರಡು ತಿಂಗಳು ಹಿರೇಗುಂಟನೂರಿನ ಬಸ್ಸು ಹತ್ತದೇ ಇದ್ದದ್ದೂ ಅದಕ್ಕೆ. ಬೆಂಗಳೂರಿಗಾದರೆ ರೈಲಿತ್ತು, ರೈಲಿನಲ್ಲಿ ಕಕ್ಕಸಿತ್ತು. ನನ್ನ ಮನೆಯವರಿಗೂ ಗೊತ್ತಿಲ್ಲ, ಇವಳಿಗೆ ಪ್ರಯಾಣ ಆಗದು ಅಂತ ತಿಳಿದುಕೊಂಡಿದ್ದಾರೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಆ ಬದನೆಕಾಯಿಯನ್ನು ಹದಿನಾಲ್ಕು ವರ್ಷ ತಿಂದವಳು ನಾನು.

"ನೀವೂ ಮಾಡಿಕ್ಯಂತಿದ್ರಾ, ನಂಗೆ ಹೇಳ್ಕೊಟ್ಟಿದ್ದು?"

"ಮಾಡಿಕೊಳ್ತಿದ್ದೆ. ಏನೂ ಕಡಿಮೆ ಆಗಲಿಲ್ಲ."

"ಸರಿಯಾಗಿ ಮಾಡ್ತಿದೀರೋ ಇಲ್ವೋ ಅಂತ ಯಾರಾರ ಮುಟ್ಟಿ ನೋಡ್ಯಾರಾ?"

ನಾನು ಇಲ್ಲ ಅಂತ ತಲೆಯಾಡಿಸಿದೆ. ಹಾಲಮ್ಮ ನನ್ನನ್ನು ಬೈಯಲಿಲ್ಲ, ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ಚೊಂಬನ್ನು ನನ್ನ ಕಡೆ ಸರಿಸಿದರು. "ಕುಡೀರಿ. ಬಚ್ಲು ಅಲ್ಲೇ ಹಿತ್ಲಾಗೈತೆ. ಬಸ್ಸು ಹೋದ್ರೆ ಇನ್ನೊಂದು ಬರ್ತೈತೆ" ಅಂದರು. ಕುಡಿದೆ. ಹೊರಡುವಾಗ ಹೊಸಿಲಲ್ಲಿ ನಿಂತು ಅವರೇ ಒಂದು ಕರಾರು ಹಾಕಿದರು. "ನಾನು ನನ್ ಮಗಳಿಗೆ ಹೇಳ್ತೀನಿ. ನೀವು ತೋರಿಸ್ಕಳ್ರಿ."

ಮೂರು ವಾರ ಹೋಯಿತು. ನಾನು ತೋರಿಸಿಕೊಳ್ಳಲಿಲ್ಲ. ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಬಂದು, ನಿನ್ನನ್ನು ದೂರದಿಂದ ನೋಡಿ, ಹಿಂದಕ್ಕೆ ಹೋದೆ.

ನಿನ್ನೆ ಸಂಜೆ ಹಾಲಮ್ಮನ ಫೋನ್ ಬಂತು. ಮಗಳಿಗೆ ಹೇಳಿದರಂತೆ, ಫೋನಿನಲ್ಲೇ, ಎದುರಿಗಾದರೆ ಬಾಯಿ ಬರಲಾರದು ಅಂತ.

"ಏನಂದ್ಲಮ್ಮ?" ಅಂತ ಕೇಳಿದೆ.

"ಏನೂ ಅನ್ಲಿಲ್ಲ. ಫೋನ್ ಇಟ್ಬಿಟ್ಲು. ಹೋತು, ಇನ್ನು ಮಾತೇ ಆಡಲ್ಲ ಅಂದ್ಕಂಡೆ. ಅರ್ಧ ತಾಸು ಬಿಟ್ಟು ಅವಳೇ ಮಾಡಿದ್ಲು. 'ಅವ್ವಾ, ಎರಡ್ನೇ ಹೆರಿಗಿ ಆದಾಗಿಂದ ನಂಗೂ ಹಂಗೇ ಆಗೈತೆ' ಅಂದ್ಲು. ಆ ಕೂಸಿಗೆ ಈಗ ಆರು ವರ್ಷ ಮೇಡಂ. ಆರು ವರ್ಷ ನಂಗೆ ಹೇಳಿಲ್ಲ ಅವ್ಳು." ಆ ಕಡೆ ಹಾಲಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಸೋಮವಾರ ಅವಳನ್ನ ಕರ್ಕಂಡು ದುರ್ಗಕ್ಕೆ ಬರ್ತೀನಿ. ನೀವೂ ಬರ್ರಿ. ಜತೆಗೇ ಹೋಗಾಣ."

ಅದಕ್ಕೇ ಇವತ್ತು ಕೂತು ಇಷ್ಟನ್ನೂ ಬರೆದೆ ಚೈತ್ರಾ, ಬಾಯಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ಮೂವರು ಹೆಂಗಸರು ನಿನ್ನ ಕೋಣೆಗೆ ಬರುತ್ತಾರೆ. ಬಾಗಿಲು ಹಾಕಿಕೊ. ಮೊದಲು ಹೊಳಲ್ಕೆರೆಯಿಂದ ಬಂದ ಹಾಲಮ್ಮನ ಮಗಳನ್ನು ನೋಡು, ಅವಳಿಗೆ ಇನ್ನೂ ಕಾಲವಿದೆ. ಆಮೇಲೆ ನನ್ನನ್ನು ಕರಿ. ನಾನು ಸೊಂಟನೋವು ಅಂತ ಹೇಳುತ್ತೇನೆ, ನಂಬಬೇಡ. ಒಂದು ಲೋಟ ನೀರು ಕೊಟ್ಟು ನೋಡು.